ಟೆಲಿವಿಷನ್ ದುರಸ್ತಿ

ಕೆಟ್ಟು ನಿಂತ ಟೆಲಿವಿಷನ್ ಸೆಟ್ಟಿನ ದೋಷವನ್ನು ಪತ್ತೆಮಾಡಿ, ಹಾಳಾದ ಭಾಗವನ್ನು ಸರಿಪಡಿಸಿ ಇಲ್ಲವೇ ಬದಲಾಯಿಸಿ, ಸೆಟ್ಟನ್ನು ಮತ್ತೆ ನಡೆಯುವಂತೆ ಮಾಡುವ ಕೆಲಸ. ಇದರಲ್ಲಿ ಹಲವು ಹಂತಗಳಿವೆ. ರಿಮೋಟಿನ ಸೆಲ್ ಬದಲಿಸುವುದು, ಸಡಿಲವಾದ ಕೇಬಲನ್ನು ಬಿಗಿ ಮಾಡುವುದು ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸ. ಬೋರ್ಡು ಅಥವಾ ಬ್ಯಾಕ್‌ಲೈಟ್ ಪಟ್ಟಿ ಬದಲಿಸಲು ತರಬೇತಿ ಪಡೆದ ಕೈ ಬೇಕು. ಪ್ಯಾನಲಿನ ಅಂಚಿನ ಸೂಕ್ಷ್ಮ ಜೋಡಣೆಯನ್ನು ಸರಿಪಡಿಸಲು ವಿಶೇಷ ಯಂತ್ರವೇ ಬೇಕು. ಯಾವ ಹಂತದಲ್ಲೇ ಆಗಲಿ, ಕೆಲಸದ ತಿರುಳು ದೋಷ ಎಲ್ಲಿದೆಯೆಂದು ಕಂಡುಹಿಡಿಯುವುದು. ಸೆಟ್ಟನ್ನು ನಿಲ್ಲಿಸುವ ಭಾಗ ಅನೇಕ ಸಲ ತೀರ ಅಗ್ಗದ್ದಾಗಿರುತ್ತದೆ. ಆ ಭಾಗ ಯಾವುದೆಂದು ಗೊತ್ತಾಗದೆ ಎಷ್ಟೋ ಒಳ್ಳೆಯ ಸೆಟ್ಟುಗಳು ಗುಜರಿ ಸೇರುತ್ತವೆ.

ಬೆಳೆದು ಬಂದ ಬಗೆ

ಜಾನ್ ಲಾಗಿ ಬೇರ್ಡ್ 1926ರ ಜನವರಿ 26ರಂದು ಲಂಡನ್ನಿನಲ್ಲಿ ಟೆಲಿವಿಷನ್ನಿನ ಪ್ರದರ್ಶನ ನೀಡಿದ. ಬಿಬಿಸಿ 1936ರ ನವೆಂಬರ್ 2ರಂದು ಕ್ರಮಬದ್ಧ ಪ್ರಸಾರ ಆರಂಭಿಸಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕ, ಯೂರೋಪುಗಳಲ್ಲಿ ಸೆಟ್ಟುಗಳು ಸಾಮಾನ್ಯರ ಮನೆ ಸೇರಿದವು. ಅವುಗಳ ಜೊತೆಯಲ್ಲೇ ದುರಸ್ತಿಯೂ ಒಂದು ಕಸುಬಾಗಿ ಬೆಳೆಯಿತು.

ಆ ಕಾಲದ ಸೆಟ್ಟುಗಳು ವಾಲ್ವುಗಳಿಂದ, ಅಂದರೆ ಗಾಜಿನ ನಿರ್ವಾತ ಕೊಳವೆಗಳಿಂದ, ನಡೆಯುತ್ತಿದ್ದವು. ವಾಲ್ವಿನೊಳಗಿನ ಹೀಟರ್ ಸದಾ ಕಾದು ಉರಿಯುವುದರಿಂದ ಕೆಲವು ವರ್ಷಗಳಲ್ಲಿ ಅದು ಸವೆಯುವುದು ಸಹಜವಾಗಿತ್ತು. ಹಾಗೆಂದೇ ವಾಲ್ವುಗಳನ್ನು ಬೆಸೆಯದೆ ಸಾಕೆಟ್ಟಿಗೆ ಸಿಕ್ಕಿಸುತ್ತಿದ್ದರು. ಅಮೆರಿಕದ ಔಷಧಿ ಅಂಗಡಿಗಳಲ್ಲಿ, ಹಾರ್ಡ್‌ವೇರ್ ಅಂಗಡಿಗಳಲ್ಲಿ ವಾಲ್ವು ಪರೀಕ್ಷಿಸುವ ಯಂತ್ರವನ್ನು ಗಿರಾಕಿಗಳಿಗಾಗಿ ಇಟ್ಟಿರುತ್ತಿದ್ದರು. ಮನೆಯವರು ಅನುಮಾನವಿದ್ದ ವಾಲ್ವುಗಳನ್ನು ಕಿತ್ತು ಚೀಲದಲ್ಲಿ ಹಾಕಿಕೊಂಡು ಹೋಗಿ, ಅಲ್ಲೇ ಪರೀಕ್ಷಿಸಿ, ಹೊಸದನ್ನು ಕೊಂಡು ತಂದು ಹಾಕಿಕೊಳ್ಳುತ್ತಿದ್ದರು. ದುರಸ್ತಿಗಾರರಿಗಾಗಿ ಹೋವರ್ಡ್ ಸ್ಯಾಮ್ಸ್ ಕಂಪನಿ 1946ರಿಂದ ‘ಫೋಟೋಫ್ಯಾಕ್ಟ್’ ಎಂಬ ಹೆಸರಿನಲ್ಲಿ ಸರ್ಕ್ಯೂಟ್ ನಕ್ಷೆಗಳ ಮಾಲೆಯನ್ನೇ ಪ್ರಕಟಿಸಿತು. ಹೀತ್‌ಕಿಟ್ ಕಂಪನಿ ಬಿಡಿಭಾಗಗಳನ್ನು ಕೊಟ್ಟು ಮನೆಯಲ್ಲೇ ಜೋಡಿಸಿಕೊಳ್ಳುವ ಟಿ.ವಿ.ಗಳನ್ನು ಮಾರಿತು. ಸೆಟ್ಟನ್ನು ಕೈಯಾರೆ ಜೋಡಿಸಿದವರಿಗೆ ಅದನ್ನು ಸರಿಪಡಿಸುವುದೂ ತಿಳಿದಿರುತ್ತಿತ್ತು.

ಟ್ರಾನ್ಸಿಸ್ಟರ್ ಬಂದ ಮೇಲೆ ಸೆಟ್ಟುಗಳ ಬಾಳಿಕೆ ಹೆಚ್ಚಿತು; ಮನೆಯವರು ಕೈಹಾಕುವುದು ಕಡಿಮೆಯಾಯಿತು. ಮೋಟೊರೊಲಾ ಕಂಪನಿ 1967ರಲ್ಲಿ ತಂದ ‘ಕ್ವೇಸಾರ್’ ಬಣ್ಣದ ಸೆಟ್ಟಿನಲ್ಲಿ ಸರ್ಕ್ಯೂಟುಗಳನ್ನು ಬೇರೆ ಬೇರೆ ಕಾರ್ಡುಗಳಾಗಿ ಮಾಡಿ, ಮುಂಭಾಗದಿಂದ ಎಳೆಯುವ ಡ್ರಾಯರಿನಲ್ಲಿ ಇಟ್ಟಿದ್ದರು. ಕೆಟ್ಟ ಕಾರ್ಡನ್ನು ತೆಗೆದು ಹೊಸದನ್ನು ಸಿಕ್ಕಿಸಿದರೆ ಕೆಲಸ ಮುಗಿಯುತ್ತಿತ್ತು. ಮುಂದೆ ಐಸಿಗಳು ಬಂದು ನೂರಾರು ಬಿಡಿಭಾಗಗಳ ಕೆಲಸವನ್ನು ಒಂದೊಂದು ಚಿಪ್ಪಿನೊಳಗೆ ಸೇರಿಸಿದವು. ಇಂದಿನ ಚಪ್ಪಟೆ ಸೆಟ್ಟಿನಲ್ಲಿ ಭಾಗಗಳು ಸಾಸಿವೆಗಿಂತ ಚಿಕ್ಕವಾಗಿ ಬೋರ್ಡಿನ ಮೈಗೇ ಅಂಟಿರುತ್ತವೆ. ಇದರಿಂದ ಬಿಡಿಭಾಗ ಬದಲಿಸುವ ರೂಢಿ ಕಡಿಮೆಯಾಗಿ ಬೋರ್ಡನ್ನೇ ಬದಲಿಸುವ ರೂಢಿ ಬೆಳೆಯಿತು.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕ ಪ್ರಸಾರ ಆರಂಭವಾಯಿತು. ಕರ್ನಾಟಕದ ಹಳ್ಳಿಗಳಿಗೆ ಟಿ.ವಿ. ಬಂದದ್ದು ಬೆಂಗಳೂರಿಗಿಂತ ಮೊದಲು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸಮುದಾಯ ಸೆಟ್ಟುಗಳನ್ನು ಕೊಡಲಾಯಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಬರುವ ಸಂಕೇತವನ್ನು ತಂತಿ ಬಲೆಯ ದೊಡ್ಡ ಬುಟ್ಟಿ ಆಂಟೆನಾಗಳು ಹಿಡಿಯುತ್ತಿದ್ದವು. ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಧೂಳು, ಬಿಸಿಲು, ಏರುಪೇರಿನ ವಿದ್ಯುತ್ತಿನ ನಡುವೆ ಸೆಟ್ಟುಗಳನ್ನು ವರ್ಷಪೂರ್ತಿ ನಡೆಸಬೇಕಾಗಿದ್ದರಿಂದ ದುರಸ್ತಿಯ ಏರ್ಪಾಡು ಆ ಪ್ರಯೋಗದ ಅಂಗವೇ ಆಗಿತ್ತು.

1977ರಲ್ಲಿ ಗುಲ್ಬರ್ಗದಲ್ಲಿ (ಈಗಿನ ಕಲಬುರಗಿ), 1981ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರಗಳು ಆರಂಭವಾದವು. 1982ರಲ್ಲಿ ದೆಹಲಿ ಏಷ್ಯನ್ ಕ್ರೀಡಾಕೂಟದ ವರ್ಷ ಬಣ್ಣದ ಪ್ರಸಾರ ಬಂತು. ಆ ದಶಕದ ನಡುವಿನಲ್ಲಿ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ಜಿಲ್ಲಾ ಕೇಂದ್ರಗಳಿಗೆ ಹಬ್ಬಿದಂತೆ ಪ್ರತಿ ಊರಿನಲ್ಲೂ ಟಿ.ವಿ. ಮೆಕ್ಯಾನಿಕ್ ಎಂಬ ಹೊಸ ಕಸುಬುದಾರ ಕಾಣಿಸಿಕೊಂಡ. ಮೊದಲ ಪೀಳಿಗೆಯ ಅನೇಕರು ರೇಡಿಯೊ ರಿಪೇರಿ ಅಂಗಡಿಗಳಿಂದ ಬಂದವರು. ಕೈಗಾರಿಕಾ ತರಬೇತಿ ಸಂಸ್ಥೆಗಳ ‘ಮೆಕ್ಯಾನಿಕ್ ರೇಡಿಯೊ ಮತ್ತು ಟಿ.ವಿ.’ ತರಬೇತಿಯಲ್ಲಿ ಕಲಿತವರು, ದೆಹಲಿಯಿಂದ 1969ರಿಂದ ಬರುತ್ತಿದ್ದ ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಪತ್ರಿಕೆಯ ಸರ್ಕ್ಯೂಟುಗಳನ್ನು ನೋಡಿ ಕಲಿತವರು, ಅಂಗಡಿಯಲ್ಲಿ ಹಿರಿಯ ಮೆಕ್ಯಾನಿಕ್ಕಿನ ಪಕ್ಕ ಕುಳಿತೇ ಕೈ ಪಳಗಿಸಿಕೊಂಡವರು ಅವರ ಜೊತೆ ಸೇರಿದರು. ಬಿಡಿಭಾಗಗಳಿಗೆ ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ, ಅಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರೋಡ್, ರಾಜ್ಯಕ್ಕೆಲ್ಲ ಮುಖ್ಯ ಪೇಟೆಯಾಯಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಒಂದು ಕಾಲಕ್ಕೆ ಕಪ್ಪು-ಬಿಳುಪು ಪಿಕ್ಚರ್ ಟ್ಯೂಬುಗಳನ್ನೂ ತಯಾರಿಸಿತು.

ಆ ದಿನಗಳಲ್ಲಿ ದುರಸ್ತಿ ಮಾಳಿಗೆಯ ಮೇಲಿಂದಲೇ ಶುರುವಾಗುತ್ತಿತ್ತು. ಗಾಳಿಗೆ ಆಂಟೆನಾ ತಿರುಗಿದರೆ ಪರದೆಯ ತುಂಬ ಚುಕ್ಕೆ. ಒಬ್ಬರು ಮೇಲೆ ಹತ್ತಿ ಕಂಬ ತಿರುಗಿಸುವರು, ಇನ್ನೊಬ್ಬರು ಕಿಟಕಿಯ ಹತ್ತಿರ ನಿಂತು “ಬಂತು, ಬಂತು… ಹೋಯ್ತು, ಸ್ವಲ್ಪ ಹಿಂದಕ್ಕೆ” ಎಂದು ಕೂಗುವರು. ಆಂಟೆನಾದ ದಿಕ್ಕು, ತುಕ್ಕು ಹಿಡಿದ ತಿರುಪು, ಬಿಸಿಲಿಗೆ ಸೀಳಿದ ಚಪ್ಪಟೆ ವೈರು, ನೀರು ಹೊಕ್ಕ ಬೂಸ್ಟರ್ ಇವು ಕರ್ನಾಟಕದ ಮನೆಯವರು ತಾವೇ ಪತ್ತೆಮಾಡಲು ಕಲಿತ ಮೊದಲ ದೋಷಗಳು.

ಸೆಟ್ಟಿನ ಒಳರಚನೆ

ಈಗಿನ ಎಲ್ಇಡಿ ಸೆಟ್ಟಿನ ಹಿಂಬದಿಯ ಮುಚ್ಚಳ ತೆಗೆದರೆ ಒಳಗೆ ಇರುವುದು ಕೆಲವೇ ದೊಡ್ಡ ಭಾಗಗಳು. ಮೊದಲನೆಯದು ಪವರ್ ಸಪ್ಲೈ ಬೋರ್ಡು. ಮನೆಯ 230 ವೋಲ್ಟ್ ಎಸಿ ವಿದ್ಯುತ್ತು ಫ್ಯೂಸ್ ದಾಟಿ, ನಾಲ್ಕು ಡಯೋಡುಗಳ ಮೂಲಕ ಹಾಯ್ದು, ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟಿನ ಡಿಸಿಯಾಗಿ ನಿಲ್ಲುತ್ತದೆ. ಅಲ್ಲಿಂದ ಸ್ವಿಚಿಂಗ್ ಟ್ರಾನ್ಸಿಸ್ಟರ್ ಮತ್ತು ಸಣ್ಣ ಟ್ರಾನ್ಸ್‌ಫಾರ್ಮರ್ ಸೇರಿ ಅದನ್ನು 12 ವೋಲ್ಟ್, 5 ವೋಲ್ಟ್ ಮುಂತಾದ ಮಟ್ಟಗಳಿಗೆ ಇಳಿಸುತ್ತವೆ.

ಎರಡನೆಯದು ಮದರ್‌ಬೋರ್ಡು. ಆಂಟೆನಾ, ಸೆಟ್‌ಟಾಪ್ ಬಾಕ್ಸ್, ಎಚ್‌ಡಿಎಂಐ, ಯುಎಸ್‌ಬಿ, ವೈಫೈ ಎಲ್ಲ ಬಂದು ಸೇರುವುದು ಇಲ್ಲಿಗೆ. ಸಾಫ್ಟ್‌ವೇರ್ ಇರುವ ಮೆಮೊರಿ ಚಿಪ್ಪೂ ಇದರ ಮೇಲೆಯೇ ಇರುತ್ತದೆ. ಮೂರನೆಯದು ಟಿ-ಕಾನ್ ಬೋರ್ಡು. ಚಿತ್ರದ ಯಾವ ಚುಕ್ಕೆ ಯಾವ ಗಳಿಗೆಗೆ ಎಲ್ಲಿ ಮೂಡಬೇಕೆಂದು ಪ್ಯಾನಲಿಗೆ ಹೇಳುವ ಭಾಗ ಇದು. ಹೊಸ ಸೆಟ್ಟುಗಳಲ್ಲಿ ಇದನ್ನು ಅನೇಕ ಸಲ ಮದರ್‌ಬೋರ್ಡಿನಲ್ಲೇ ಅಥವಾ ಪ್ಯಾನಲಿನಲ್ಲೇ ಸೇರಿಸಿಬಿಡುತ್ತಾರೆ. ನಾಲ್ಕನೆಯದು ಪ್ಯಾನಲ್, ಅಂದರೆ ಚಿತ್ರ ಮೂಡುವ ತೆಳು ಗಾಜು. ಐದನೆಯದು ಅದರ ಹಿಂದೆ ಬೆಳಕು ಕೊಡುವ ಬ್ಯಾಕ್‌ಲೈಟ್. ಎಲ್ಸಿಡಿ ಗಾಜು ತಾನಾಗಿ ಬೆಳಗುವುದಿಲ್ಲ. ಹಿಂದಿನ ಬೆಳಕನ್ನು ಬಿಡುವುದು, ತಡೆಯುವುದು ಇಷ್ಟೇ ಅದರ ಕೆಲಸ. ‘ಎಲ್ಇಡಿ ಟಿ.ವಿ.’ ಎಂದು ಮಾರುವ ಸಾಮಾನ್ಯ ಸೆಟ್ಟು ಎಲ್ಇಡಿ ಬ್ಯಾಕ್‌ಲೈಟ್ ಇರುವ ಎಲ್ಸಿಡಿ ಸೆಟ್ಟೇ ಹೌದು. ಒಎಲ್ಇಡಿ ಸೆಟ್ಟಿನಲ್ಲಿ ಮಾತ್ರ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಅದಕ್ಕೆ ಬ್ಯಾಕ್‌ಲೈಟ್ ಇರುವುದಿಲ್ಲ.

ಹೀಗೆ ಸೆಟ್ಟಿನೊಳಗೆ ಎರಡು ದಾರಿಗಳಿವೆ. ಒಂದು ವಿದ್ಯುತ್ತಿನ ದಾರಿ, ಇನ್ನೊಂದು ಸಂಕೇತದ ದಾರಿ. ನುರಿತ ಮೆಕ್ಯಾನಿಕ್ ಮೊದಲು ವಿದ್ಯುತ್ತು ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತಾನೆ, ಆಮೇಲೆ ಸಂಕೇತ ಎಲ್ಲಿಯವರೆಗೆ ಹೋಗಿದೆ ಎಂದು ನೋಡುತ್ತಾನೆ. ಎಲ್ಲಿ ನಿಂತಿದೆಯೋ ಅದರ ಅಕ್ಕಪಕ್ಕದಲ್ಲೇ ದೋಷ ಇರುತ್ತದೆ.

ಪೆಟ್ಟಿಗೆ ತೆರೆಯುವ ಮುನ್ನ

ಟಿ.ವಿ. ಕೆಟ್ಟಿದೆ ಎಂದು ಅಂಗಡಿಗೆ ಹೋಗುವ ದೂರುಗಳಲ್ಲಿ ಕೆಲವು ಟಿ.ವಿ.ಯ ದೋಷವೇ ಆಗಿರುವುದಿಲ್ಲ. ಮುಚ್ಚಳ ಬಿಚ್ಚದೆ ಮನೆಯವರು ನೋಡಬಹುದಾದ ಸಂಗತಿಗಳು ಹೀಗಿವೆ.

ಕೆಂಪು ದೀಪ: ಸೆಟ್ಟಿನ ಕೆಳಗಿನ ಸ್ಟ್ಯಾಂಡ್‌ಬೈ ದೀಪ ಉರಿಯುತ್ತಿದ್ದರೆ ವಿದ್ಯುತ್ತು ಒಳಗೆ ಬಂದಿದೆ, ಸ್ಟ್ಯಾಂಡ್‌ಬೈ ಸಪ್ಲೈ ನಡೆಯುತ್ತಿದೆ ಎಂದರ್ಥ. ಉರಿಯದಿದ್ದರೆ ಅದೇ ಪ್ಲಗ್ ಪಾಯಿಂಟಿಗೆ ಬೇರೆ ಉಪಕರಣ ಹಾಕಿ ನೋಡಬೇಕು. ಸ್ಪೈಕ್ ಬಸ್ಟರ್ ಅಥವಾ ಸ್ಟೆಬಿಲೈಸರ್ ಇದ್ದರೆ ಅದನ್ನು ಬಿಟ್ಟು ನೇರ ಗೋಡೆಯ ಪಾಯಿಂಟಿಗೆ ಸಿಕ್ಕಿಸಬೇಕು. ದೀಪ ಎಣಿಕೆಗೆ ಸಿಗುವಂತೆ ಮಿಟುಕಿ ನಿಂತು ಮತ್ತೆ ಮಿಟುಕುತ್ತಿದ್ದರೆ ಅನೇಕ ಕಂಪನಿಗಳ ಸೆಟ್ಟುಗಳಲ್ಲಿ ಅದು ದೋಷದ ಸಂಕೇತ. ಎಷ್ಟು ಸಲ ಮಿಟುಕಿತು ಎಂದು ಬರೆದಿಟ್ಟುಕೊಂಡರೆ ಮೆಕ್ಯಾನಿಕ್ಕಿಗೆ ಅರ್ಧ ದಾರಿ ಸಿಕ್ಕಂತೆ.

ರಿಮೋಟ್: ಮೊಬೈಲಿನ ಕ್ಯಾಮೆರಾ ತೆರೆದು ರಿಮೋಟಿನ ತುದಿಯನ್ನು ಅದಕ್ಕೆ ತೋರಿಸಿ ಗುಂಡಿ ಒತ್ತಿದರೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಪರದೆಯ ಮೇಲೆ ನೇರಳೆ ಬಿಳುಪಾಗಿ ಮಿನುಗುತ್ತದೆ. ಕೆಲವು ಫೋನುಗಳ ಹಿಂಬದಿ ಕ್ಯಾಮೆರಾದಲ್ಲಿ ಇದನ್ನು ತಡೆಯುವ ಶೋಧಕವಿರುತ್ತದೆ. ಆಗ ಮುಂದಿನ ಕ್ಯಾಮೆರಾ ಬಳಸಬೇಕು. ಮಿನುಗದಿದ್ದರೆ ಸೆಲ್ ಬದಲಿಸಬೇಕು, ಸ್ಪ್ರಿಂಗಿನ ಮೇಲೆ ಸೆಲ್ಲಿನ ರಸ ಸೋರಿ ಹಿಡಿದ ಹಸಿರು-ಬಿಳಿ ಕಿಲುಬನ್ನು ಒರೆಸಿ ತೆಗೆಯಬೇಕು. ಬ್ಲೂಟೂತ್ ರಿಮೋಟುಗಳಿಗೆ ಈ ಪರೀಕ್ಷೆ ಹೊಂದುವುದಿಲ್ಲ.

ಸಂಕೇತ: ‘ನೋ ಸಿಗ್ನಲ್’ ಎಂಬ ಅಕ್ಷರ ಪರದೆಯ ಮೇಲೆ ಸ್ಪಷ್ಟವಾಗಿ ಮೂಡುತ್ತಿದ್ದರೆ ಪ್ಯಾನಲ್, ಬ್ಯಾಕ್‌ಲೈಟ್, ಪವರ್ ಬೋರ್ಡು ಮೂರೂ ಚೆನ್ನಾಗಿವೆ. ತೊಂದರೆ ಹೆಚ್ಚಾಗಿ ಸೆಟ್‌ಟಾಪ್ ಬಾಕ್ಸಿನಲ್ಲೋ ಎಚ್‌ಡಿಎಂಐ ಕೇಬಲಿನಲ್ಲೋ ತಪ್ಪಾದ ಇನ್‌ಪುಟ್ ಆಯ್ಕೆಯಲ್ಲೋ ಇರುತ್ತದೆ. ಕೇಬಲನ್ನು ಬೇರೆ ಪೋರ್ಟಿಗೆ ಹಾಕಿ, ಪೆನ್‌ಡ್ರೈವಿನಿಂದ ಒಂದು ವಿಡಿಯೊ ನಡೆಸಿ ನೋಡಿದರೆ ತಪ್ಪು ಟಿ.ವಿ.ಯದೋ ಹೊರಗಿನದೋ ತಿಳಿಯುತ್ತದೆ.

ಸಾಫ್ಟ್‌ವೇರ್: ಸ್ಮಾರ್ಟ್ ಟಿ.ವಿ. ನಿಂತಲ್ಲೇ ನಿಂತರೆ ರಿಮೋಟಿನಲ್ಲಿ ಆರಿಸಿದರೆ ಸಾಲದು, ಅದು ಸ್ಟ್ಯಾಂಡ್‌ಬೈಗೆ ಮಾತ್ರ ಹೋಗುತ್ತದೆ. ಪ್ಲಗ್ಗನ್ನೇ ಕಿತ್ತು ಕೆಲವು ನಿಮಿಷ ಬಿಟ್ಟು ಮತ್ತೆ ಹಾಕಬೇಕು. ಅದಕ್ಕೂ ಬಗ್ಗದಿದ್ದರೆ ಫ್ಯಾಕ್ಟರಿ ರೀಸೆಟ್ ಮಾಡಬಹುದು. ಆಗ ಒಳಗಿನ ಖಾತೆ, ಪಾಸ್‌ವರ್ಡ್, ಆ್ಯಪ್‌ಗಳೆಲ್ಲ ಅಳಿಸಿಹೋಗುತ್ತವೆ.

ವಾರಂಟಿ ಇನ್ನೂ ಇರುವ ಸೆಟ್ಟಿನ ಮುಚ್ಚಳವನ್ನು ಮನೆಯಲ್ಲಿ ಬಿಚ್ಚಬಾರದು. ಬಿಲ್ಲು ಹುಡುಕಿ ಕಂಪನಿಯ ಸೇವಾಕೇಂದ್ರಕ್ಕೆ ಹೇಳುವುದೇ ಲಾಭ.

ಪವರ್ ಬೋರ್ಡಿನ ದೋಷಗಳು

ಸೆಟ್ಟು ಪೂರ್ತಿ ಸತ್ತಿದ್ದರೆ, ಕೆಂಪು ದೀಪವೂ ಇಲ್ಲದಿದ್ದರೆ, ಮೊದಲ ಅನುಮಾನ ಪವರ್ ಬೋರ್ಡಿನ ಮೇಲೆ. ಬಾಯಿ ತೆರೆದು ಮಾತಾಡದಿದ್ದರೂ ಫ್ಯೂಸ್ ಸಾಕಷ್ಟು ಹೇಳುತ್ತದೆ. ಗಾಜಿನೊಳಗಿನ ತಂತಿ ಸುಮ್ಮನೆ ತುಂಡಾಗಿದ್ದರೆ ಒಂದು ಕ್ಷಣದ ಏರುಪೇರು ಕಾರಣವಿರಬಹುದು. ಗಾಜಿನ ಒಳಮೈ ಕಪ್ಪಾಗಿದ್ದರೆ ಅಥವಾ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಮುಂದಿನ ಭಾಗವೊಂದು ಶಾರ್ಟ್ ಆಗಿ ಭಾರಿ ಕರೆಂಟ್ ಹರಿದಿದೆ. ಆಗ ಡಯೋಡುಗಳು, ಸ್ವಿಚಿಂಗ್ ಟ್ರಾನ್ಸಿಸ್ಟರ್, ಫ್ಯೂಸಿನ ಪಕ್ಕದಲ್ಲಿರುವ ನಾಣ್ಯದಾಕಾರದ ವೇರಿಸ್ಟರ್ ಇವುಗಳನ್ನು ಪರೀಕ್ಷಿಸದೆ ಹೊಸ ಫ್ಯೂಸ್ ಹಾಕಿದರೆ ಅದೂ ಸುಡುತ್ತದೆ. ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವುದು, ಹೆಚ್ಚು ಆಂಪಿಯರಿನ ಫ್ಯೂಸ್ ಹಾಕುವುದು ಮನೆಗೆ ಬೆಂಕಿ ಆಹ್ವಾನಿಸಿದಂತೆ. ಯಾವ ಕಾರಣಕ್ಕೂ ಸಲ್ಲದು.

ಇನ್ನೊಂದು ಸಾಮಾನ್ಯ ದೋಷ ಕೆಪಾಸಿಟರುಗಳದ್ದು. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗೆ ದ್ರವ ಇರುತ್ತದೆ. ವರ್ಷಗಟ್ಟಲೆ ಬಿಸಿಯಲ್ಲಿ ಕೂತು ಅದು ಒಣಗುತ್ತದೆ ಅಥವಾ ಅನಿಲವಾಗಿ ಮೇಲಿನ ತಗಡನ್ನು ಉಬ್ಬಿಸುತ್ತದೆ. 2000ದ ಆಸುಪಾಸಿನ ವರ್ಷಗಳಲ್ಲಿ ಕಳಪೆ ರಾಸಾಯನಿಕದ ಕೆಪಾಸಿಟರುಗಳು ಪ್ರಪಂಚದಾದ್ಯಂತ ಟಿ.ವಿ., ಕಂಪ್ಯೂಟರುಗಳಲ್ಲಿ ಸೇರಿಕೊಂಡು ಅಕಾಲದಲ್ಲಿ ಉಬ್ಬಿಹೋದವು. ಸೆಟ್ಟು ಹತ್ತಲು ತಡಮಾಡುವುದು, ಹತ್ತಿ ಆರುವುದು, ಟಕ್ ಟಕ್ ಸದ್ದು ಬರುವುದು ಇದರ ಲಕ್ಷಣ. ಬದಲಿಸುವಾಗ ಅದೇ ಮೈಕ್ರೊಫ್ಯಾರಡ್ ಅಳತೆ, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿ ತಾಳುವ ಬಗೆಯದನ್ನು ಹಾಕಬೇಕು. ಧನ-ಋಣ ತುದಿಗಳು ಅದಲುಬದಲಾದರೆ ಅದು ಸಿಡಿಯುತ್ತದೆ.

ದುರಸ್ತಿ ಮುಗಿದ ಬೋರ್ಡಿಗೆ ನೇರವಾಗಿ ವಿದ್ಯುತ್ತು ಕೊಡುವ ಬದಲು ಮೆಕ್ಯಾನಿಕ್ಕುಗಳು ಸೀರೀಸ್ ಬಲ್ಬಿನ ಮೂಲಕ ಕೊಡುತ್ತಾರೆ. ಹಳೆಯ ಫಿಲಮೆಂಟ್ ಬಲ್ಬನ್ನು ಸಾಲಿನಲ್ಲಿ ಸೇರಿಸಿದಾಗ, ಬೋರ್ಡಿನಲ್ಲಿ ಶಾರ್ಟ್ ಉಳಿದಿದ್ದರೆ ಬಲ್ಬು ಪೂರ್ತಿ ಪ್ರಕಾಶದಲ್ಲಿ ಉರಿದು ಕರೆಂಟನ್ನು ತಾನೇ ತಡೆದುಕೊಳ್ಳುತ್ತದೆ. ಹೊಸದಾಗಿ ಹಾಕಿದ ಭಾಗ ಉಳಿಯುತ್ತದೆ. ಒಮ್ಮೆ ಮಿಂಚಿ ಮಂಕಾದರೆ ಬೋರ್ಡು ಸರಿಯಿದೆ ಎಂದು ತಿಳಿಯಬಹುದು.

ಸದ್ದು ಇದೆ, ಚಿತ್ರವಿಲ್ಲ

ಎಲ್ಇಡಿ ಸೆಟ್ಟುಗಳ ಕಾಯಿಲೆಗಳಲ್ಲಿ ಇದು ಬಹಳ ಸಾಮಾನ್ಯ. ಪರದೆ ಕಪ್ಪು, ಆದರೆ ವಾರ್ತೆ ಕೇಳಿಸುತ್ತಿದೆ. ಪರೀಕ್ಷೆ ಸುಲಭ: ಕೋಣೆ ಕತ್ತಲು ಮಾಡಿ, ಪರದೆಯ ಹತ್ತಿರಕ್ಕೆ ಟಾರ್ಚು ಓರೆಯಾಗಿ ಹಿಡಿದು ನೋಡಬೇಕು. ಮಸುಕಾಗಿ ಮನುಷ್ಯರ ಆಕಾರ, ಅಕ್ಷರಗಳು ಓಡಾಡುವುದು ಕಂಡರೆ ಚಿತ್ರ ಮೂಡುತ್ತಿದೆ, ಬೆಳಕು ಮಾತ್ರ ಹೋಗಿದೆ. ಪ್ಯಾನಲ್ ಉಳಿದಿದೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿ.

ಬ್ಯಾಕ್‌ಲೈಟ್ ಎಂದರೆ ಉದ್ದನೆಯ ಅಲ್ಯೂಮಿನಿಯಂ ಅಥವಾ ಫೈಬರ್ ಪಟ್ಟಿಗಳ ಮೇಲೆ ಸಾಲಾಗಿ ಕೂರಿಸಿದ ಎಲ್ಇಡಿಗಳು. ಸುಮಾರು 3 ಅಥವಾ 6 ವೋಲ್ಟಿನ ಎಲ್ಇಡಿಗಳನ್ನು ಒಂದರ ಬಾಲಕ್ಕೆ ಇನ್ನೊಂದರಂತೆ ಸಾಲಿನಲ್ಲಿ ಬೆಸೆದಿರುತ್ತಾರೆ. ಗಣೇಶನ ಹಬ್ಬದ ಹಳೆಯ ಸೀರಿಯಲ್ ಸೆಟ್ಟಿನಂತೆ, ಒಂದು ಹೋದರೆ ಇಡೀ ಸಾಲು ಆರುತ್ತದೆ. ಸಾಲು ಕಡಿದಾಗ ಡ್ರೈವರ್ ಸರ್ಕ್ಯೂಟ್ ವೋಲ್ಟೇಜನ್ನು ಏರಿಸಿ ನೋಡುತ್ತದೆ, ಆಗದಿದ್ದರೆ ತನ್ನ ರಕ್ಷಣೆಗಾಗಿ ಆರಿಸಿಬಿಡುತ್ತದೆ. ಟಿ.ವಿ. ಹಾಕಿದೊಡನೆ ಕ್ಷಣಕಾಲ ಬೆಳಕು ಮಿಂಚಿ ಹೋಗುವುದು ಇದರಿಂದಲೇ.

ಪಟ್ಟಿ ಬದಲಿಸುವ ಕೆಲಸದಲ್ಲಿ ವಿದ್ಯುತ್ ಜ್ಞಾನಕ್ಕಿಂತ ಕೈಯ ನಯ ಮುಖ್ಯ. ಸೆಟ್ಟನ್ನು ಮೆತ್ತನೆಯ ಬಟ್ಟೆಯ ಮೇಲೆ ಮಲಗಿಸಿ, ಹೊರಚೌಕಟ್ಟು ಬಿಚ್ಚಿ, ಪ್ಯಾನಲಿನ ಅಂಚಿನಿಂದ ಹಿಂದಕ್ಕೆ ಬಾಗಿರುವ ಕಂದುಬಣ್ಣದ ತೆಳು ಪಟ್ಟಿಗಳನ್ನು ನೋಡಿಕೊಳ್ಳಬೇಕು. ಆ ಪಟ್ಟಿಗಳ ಮೇಲೆಯೇ ಪ್ಯಾನಲನ್ನು ನಡೆಸುವ ಚಿಪ್ಪುಗಳಿರುತ್ತವೆ. ಒಂದು ಹರಿದರೂ ಪ್ಯಾನಲ್ ಹೋದಂತೆಯೇ. ಗಾಜನ್ನು ಇಬ್ಬರು ಎರಡು ಕಡೆ ಹಿಡಿದು, ಬಾಗದಂತೆ ಒಟ್ಟಿಗೆ ಎತ್ತಬೇಕು. ಒಬ್ಬನೇ ಮೂಲೆ ಹಿಡಿದು ಎತ್ತಿದರೆ ಅಲ್ಲಿಂದಲೇ ಬಿರುಕು ಏಳುತ್ತದೆ. ಗಾಜಿನ ಕೆಳಗೆ ಬೆಳಕನ್ನು ಹರಡುವ ಹಾಳೆಗಳು ಒಂದರ ಮೇಲೊಂದು ಇರುತ್ತವೆ. ಅವುಗಳ ಕ್ರಮ, ಯಾವ ಮಗ್ಗುಲು ಮೇಲೆ ಎಂಬುದನ್ನು ಫೋಟೊ ತೆಗೆದಿಟ್ಟುಕೊಂಡು, ಬೆರಳಚ್ಚು ಬೀಳದಂತೆ, ಧೂಳು ಕೂರದಂತೆ ಎತ್ತಿಡಬೇಕು. ಆಗ ಕಾಣುವುದು ಬಿಳಿಯ ಪ್ರತಿಫಲಕ ಹಾಳೆ, ಅದರ ರಂಧ್ರಗಳಿಂದ ಇಣುಕುವ ಎಲ್ಇಡಿ ಲೆನ್ಸುಗಳು. ಸುಟ್ಟ ಎಲ್ಇಡಿಯ ನಡುವೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಕಾಣುವುದುಂಟು.

ಒಂದೇ ಎಲ್ಇಡಿ ಬದಲಿಸಿದರೂ ಬೆಳಕು ಬರುತ್ತದೆ. ಆದರೆ ಉಳಿದವೂ ಅಷ್ಟೇ ಗಂಟೆ ಉರಿದಿರುವುದರಿಂದ ಕೆಲವು ತಿಂಗಳಲ್ಲಿ ಇನ್ನೊಂದು ಹೋಗುತ್ತದೆ. ಎಲ್ಲ ಎಲ್ಇಡಿ ಪಟ್ಟಿಗಳನ್ನೂ ಒಟ್ಟಿಗೆ ಬದಲಿಸುವುದೇ ಜಾಣತನ. ಎಲ್ಇಡಿಯ ವೋಲ್ಟೇಜ್, ಪಟ್ಟಿಯ ಉದ್ದ, ಎಲ್ಇಡಿಗಳ ಸಂಖ್ಯೆ ಮೂರೂ ಹೊಂದಬೇಕು. ಬ್ಯಾಕ್‌ಲೈಟ್ ಬೇಗ ಸಾಯಲು ಮುಖ್ಯ ಕಾರಣ ಬಿಸಿ. ಅಂಗಡಿಯಲ್ಲಿ ಕಣ್ಣು ಸೆಳೆಯಲೆಂದು ಏರಿಸಿಟ್ಟ ಪ್ರಕಾಶವನ್ನು ಮನೆಗೆ ತಂದ ದಿನವೇ ಸೆಟ್ಟಿಂಗ್‌ನಲ್ಲಿ ಇಳಿಸಿದರೆ ಅದರ ಆಯುಷ್ಯ ಹೆಚ್ಚುತ್ತದೆ.

ಗೆರೆಗಳು, ಅರ್ಧ ಪರದೆ, ನಿಂತ ಲೋಗೊ

ಪರದೆಯ ಅರ್ಧಭಾಗ ಕಪ್ಪಾಗುವುದು, ಬಣ್ಣಗಳು ಕದಡುವುದು, ಚಿತ್ರ ನೆಗೆಟಿವ್‌ನಂತೆ ಕಾಣುವುದು ಅನೇಕ ವೇಳೆ ಟಿ-ಕಾನ್ ಬೋರ್ಡಿನ ಅಥವಾ ಮದರ್‌ಬೋರ್ಡಿನಿಂದ ಅದಕ್ಕೆ ಬರುವ ಎಲ್‌ವಿಡಿಎಸ್ ಕೇಬಲಿನ ದೋಷ. ಕೇಬಲನ್ನು ಬಿಚ್ಚಿ, ಒರೆಸಿ, ಮತ್ತೆ ಸರಿಯಾಗಿ ಕೂರಿಸಿದ್ದರಿಂದಲೇ ಸರಿಹೋದ ಸೆಟ್ಟುಗಳಿವೆ. ಮೇಲಿನಿಂದ ಕೆಳಗಿನವರೆಗೆ ಕದಲದೆ ನಿಂತ ತೆಳು ಗೆರೆಗಳಾದರೆ ಪ್ಯಾನಲಿನ ಅಂಚಿನಲ್ಲಿ ಅಂಟಿಸಿದ ಕಂದುಬಣ್ಣದ ಪಟ್ಟಿಯ ಸಂಪರ್ಕ ಬಿಟ್ಟಿರುವುದು ಹೆಚ್ಚು. ಅದನ್ನು ಕೂದಲೆಳೆಗಿಂತ ಸಣ್ಣ ತಂತಿಗಳು ಒಂದಕ್ಕೊಂದು ನೇರ ಕೂರುವಂತೆ, ನಿಗದಿತ ಬಿಸಿ ಮತ್ತು ಒತ್ತಡದಲ್ಲಿ ಬಾಂಡಿಂಗ್ ಯಂತ್ರವೇ ಒತ್ತಬೇಕು. ಮನೆಯಲ್ಲಿ ಕಾಗದದ ತುಂಡು ತುರುಕಿ ಒತ್ತಿದರೆ ನಾಲ್ಕು ದಿನ ಸರಿಯಾದಂತೆ ಕಂಡು ಮತ್ತೆ ಬಿಟ್ಟುಕೊಳ್ಳುತ್ತದೆ.

ಲೋಗೊ ಬಂದು ಅಲ್ಲೇ ನಿಲ್ಲುವುದು, ಹತ್ತಿ ಮತ್ತೆ ಮತ್ತೆ ಮೊದಲಿನಿಂದ ಶುರುವಾಗುವುದು ಸಾಫ್ಟ್‌ವೇರ್ ಅಥವಾ ಮೆಮೊರಿ ಚಿಪ್ಪಿನ ತೊಂದರೆ. ಆ ಮಾಡೆಲಿಗೂ ಆ ಪ್ಯಾನಲಿಗೂ ಹೊಂದುವ ಸಾಫ್ಟ್‌ವೇರನ್ನು ಯುಎಸ್‌ಬಿ ಮೂಲಕ ಮತ್ತೆ ತುಂಬುವುದು ಒಂದು ಪರಿಹಾರ. ಬೇರೆ ಮಾಡೆಲಿನದನ್ನು ತುಂಬಿದರೆ ಚಿತ್ರ ತಲೆಕೆಳಗಾಗಬಹುದು, ಸೆಟ್ಟು ಪೂರ್ತಿ ನಿಲ್ಲಲೂಬಹುದು.

ಪೆಟ್ಟು ಬಿದ್ದು ಪ್ಯಾನಲ್ ಒಡೆದರೆ ಅದಕ್ಕೆ ದುರಸ್ತಿಯಿಲ್ಲ. ಹೊಸ ಪ್ಯಾನಲಿನ ಬೆಲೆ ಹೊಸ ಸೆಟ್ಟಿನ ಬೆಲೆಗೆ ಹತ್ತಿರ ಬರುವುದರಿಂದ ಬದಲಿಸುವುದು ಸಾಮಾನ್ಯವಾಗಿ ಲಾಭದಾಯಕವಲ್ಲ. ಅಂಥ ಸೆಟ್ಟಿನ ಮದರ್‌ಬೋರ್ಡು, ಪವರ್ ಬೋರ್ಡು, ಸ್ಪೀಕರುಗಳು ಮಾತ್ರ ಅದೇ ಮಾಡೆಲಿನ ಇನ್ನೊಂದು ಸೆಟ್ಟನ್ನು ಬದುಕಿಸುತ್ತವೆ. ರಿಪೇರಿ ಅಂಗಡಿಗಳ ಮೂಲೆಯಲ್ಲಿ ಒಡೆದ ಟಿ.ವಿ.ಗಳು ರಾಶಿಬಿದ್ದಿರುವುದು ಇದಕ್ಕಾಗಿಯೇ.

ಪಿಕ್ಚರ್ ಟ್ಯೂಬ್ ಸೆಟ್ಟುಗಳು

ಹಳೆಯ ಸೆಟ್ಟುಗಳ ದೋಷವನ್ನು ಪರದೆಯೇ ಹೇಳುತ್ತಿತ್ತು. ಭಾರತದ ಪಾಲ್ ಪ್ರಸಾರ ಪದ್ಧತಿಯಲ್ಲಿ ಚಿತ್ರಕ್ಕೆ 625 ಗೆರೆಗಳು. ಪಿಕ್ಚರ್ ಟ್ಯೂಬಿನೊಳಗಿನ ಎಲೆಕ್ಟ್ರಾನ್ ಕಿರಣ ಸೆಕೆಂಡಿಗೆ 15,625 ಸಲ ಅಡ್ಡಕ್ಕೂ 50 ಸಲ ಉದ್ದಕ್ಕೂ ಓಡಬೇಕು. ಉದ್ದಕ್ಕೆ ಓಡಿಸುವ ವರ್ಟಿಕಲ್ ಸರ್ಕ್ಯೂಟ್ ನಿಂತರೆ ಇಡೀ ಚಿತ್ರ ಕುಗ್ಗಿ ನಡುವೆ ಒಂದೇ ಬಿಳಿ ಅಡ್ಡಗೆರೆಯಾಗುತ್ತಿತ್ತು. ಅನೇಕ ಸಲ ಕಾರಣ ವರ್ಟಿಕಲ್ ಐಸಿಯ ಕಾಲಿನ ಸುತ್ತ ಬೆಸುಗೆ ಬಿರಿದು ಮೂಡಿದ ಉಂಗುರದಂಥ ಸಣ್ಣ ಬಿರುಕು. ಮೆಕ್ಯಾನಿಕ್ಕುಗಳು ಇದನ್ನು ‘ಡ್ರೈ ಸೋಲ್ಡರ್’ ಎನ್ನುತ್ತಾರೆ. ಸೆಟ್ಟಿನ ತಲೆಗೆ ತಟ್ಟಿದರೆ ಚಿತ್ರ ಬರುತ್ತಿದ್ದುದು ಆ ಬಿರುಕು ಕ್ಷಣಕಾಲ ಕೂಡಿಕೊಳ್ಳುತ್ತಿದ್ದುದರಿಂದ. ತಟ್ಟುವುದರಿಂದ ಬಿರುಕು ದೊಡ್ಡದಾಗುತ್ತಿತ್ತು. ಹೊಸ ಬೆಸುಗೆಯ ಒಂದು ತೊಟ್ಟು ಅದನ್ನು ವಾಸಿಮಾಡುತ್ತಿತ್ತು. ಪಿಕ್ಚರ್ ಟ್ಯೂಬಿಗೆ ಹೈವೋಲ್ಟೇಜ್ ಕೊಡುವ ‘ಎಲ್‌ಒಟಿ’ ಮತ್ತು ಅದನ್ನು ನಡೆಸುವ ಬಿಯು208 ಜಾತಿಯ ಟ್ರಾನ್ಸಿಸ್ಟರ್ ಹೋಗುವುದು ಇನ್ನೊಂದು ಸಾಮಾನ್ಯ ದೋಷ. ಬಣ್ಣದ ಸೆಟ್ಟಿನ ಮೂಲೆಯಲ್ಲಿ ಹಸಿರು, ನೇರಳೆ ಕಲೆ ನಿಂತರೆ ಅದು ಅಯಸ್ಕಾಂತದ ಪ್ರಭಾವ; ಟ್ಯೂಬಿನ ಸುತ್ತಲಿನ ಡಿಗಾಸಿಂಗ್ ಸುರುಳಿ ಅದನ್ನು ತೊಡೆಯುತ್ತಿತ್ತು.

ಅಪಾಯಗಳು

ಟಿ.ವಿ. ದುರಸ್ತಿಯಲ್ಲಿ ಜೀವಕ್ಕೆ ಅಪಾಯವಿದೆ. ಪ್ಲಗ್ ಕಿತ್ತ ಮಾತ್ರಕ್ಕೆ ಸೆಟ್ಟು ನಿರುಪದ್ರವಿಯಾಗುವುದಿಲ್ಲ. ಪವರ್ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮಿಕ್ಕ ವಿದ್ಯುತ್ತು ಉಳಿದಿರಬಹುದು. ಅದನ್ನು ಸೂಕ್ತ ರೆಸಿಸ್ಟರಿನ ಮೂಲಕ ಇಳಿಸಿ, ಮೀಟರಿನಲ್ಲಿ ನೋಡಿ ಖಚಿತಪಡಿಸಿಕೊಂಡ ಮೇಲಷ್ಟೇ ಬೋರ್ಡು ಮುಟ್ಟಬೇಕು. ಬ್ಯಾಕ್‌ಲೈಟಿನ ಸಾಲಿನಲ್ಲೂ ಸೆಟ್ಟು ನಡೆಯುವಾಗ ಕೈಗೆ ಹೊಡೆಯುವಷ್ಟು ವೋಲ್ಟೇಜ್ ಇರುತ್ತದೆ. ಬಣ್ಣದ ಪಿಕ್ಚರ್ ಟ್ಯೂಬಿನಲ್ಲಿ 20,000 ವೋಲ್ಟಿಗಿಂತ ಹೆಚ್ಚಿನ ವಿದ್ಯುತ್ತು ಸೆಟ್ಟು ಆರಿದ ಮೇಲೂ ನಿಂತಿರುತ್ತದೆ. ಟ್ಯೂಬಿನೊಳಗೆ ನಿರ್ವಾತವಿರುವುದರಿಂದ ಕತ್ತಿಗೆ ಪೆಟ್ಟು ಬಿದ್ದರೆ ಗಾಜು ಒಳಕ್ಕೆ ಕುಸಿದು ಚೂರುಗಳು ಸಿಡಿಯುತ್ತವೆ.

ತರಬೇತಿ ಇಲ್ಲದವರು ಪವರ್ ಬೋರ್ಡನ್ನಾಗಲಿ ಪಿಕ್ಚರ್ ಟ್ಯೂಬನ್ನಾಗಲಿ ಮುಟ್ಟಬಾರದು. ಕಲಿಯಬೇಕೆನ್ನುವವರು ಅನುಭವಿಯ ಪಕ್ಕದಲ್ಲಿ ಕಲಿಯಬೇಕು. ಒಬ್ಬರೇ ಇದ್ದಾಗ, ಒದ್ದೆ ನೆಲದ ಮೇಲೆ, ಬರಿಗಾಲಲ್ಲಿ ಈ ಕೆಲಸ ಕೂಡದು. ಸುಟ್ಟ ವಾಸನೆ, ಹೊಗೆ, ಕಿಡಿ ಕಂಡರೆ ಪರೀಕ್ಷೆಗೆಂದು ಮತ್ತೊಮ್ಮೆ ಸ್ವಿಚ್ ಹಾಕಲೇಬಾರದು.

ಕೆಡದಂತೆ ನೋಡಿಕೊಳ್ಳುವುದು

ಕರ್ನಾಟಕದಲ್ಲಿ ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲು ಟಿ.ವಿ.ಗಳಿಗೆ ದೊಡ್ಡ ಕಂಟಕ. ಸಿಡಿಲಿನ ಆಘಾತ ವಿದ್ಯುತ್ ತಂತಿಯಲ್ಲೂ ಬರುತ್ತದೆ, ಡಿಶ್ ಮತ್ತು ಕೇಬಲ್ ವೈರಿನಲ್ಲೂ ಬರುತ್ತದೆ. ಮೋಡ ಕಟ್ಟಿ ದೂರದಲ್ಲಿ ಗುಡುಗುವಾಗಲೇ ಪ್ಲಗ್ಗನ್ನೂ ಡಿಶ್ ವೈರನ್ನೂ ಎರಡನ್ನೂ ಕಿತ್ತಿಡಬೇಕು. ಒಂದನ್ನೇ ಕಿತ್ತರೆ ಇನ್ನೊಂದರ ಮೂಲಕ ಬಂದ ಆಘಾತಕ್ಕೆ ಎಚ್‌ಡಿಎಂಐ ಪೋರ್ಟ್ ಸುಡಬಹುದು. ಸಿಡಿಲು ತಲೆಯ ಮೇಲೆ ಬಂದ ನಂತರ ವೈರು ಮುಟ್ಟುವುದು ಅಪಾಯ.

ಇನ್ನೊಂದು ಕಾರಣ ಬೀದಿಯ ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿಯುವುದು. ಆಗ ಕೆಲವು ಮನೆಗಳಿಗೆ 230 ವೋಲ್ಟಿನ ಬದಲು 400ರ ಹತ್ತಿರದ ವೋಲ್ಟೇಜ್ ನುಗ್ಗಿ ಒಂದೇ ಸಲಕ್ಕೆ ಬೀದಿಯ ಹಲವು ಟಿ.ವಿ.ಗಳು ಹೋಗುತ್ತವೆ. ದೀಪಗಳು ವಿಪರೀತ ಪ್ರಕಾಶದಿಂದ ಉರಿದರೆ ತಕ್ಷಣ ಮೇನ್ ಸ್ವಿಚ್ ಆರಿಸಬೇಕು. ಹೆಚ್ಚಿನ ಹೊಸ ಸೆಟ್ಟುಗಳ ಪವರ್ ಬೋರ್ಡು 100ರಿಂದ 240 ವೋಲ್ಟಿನವರೆಗೆ ತಾನೇ ಹೊಂದಿಕೊಳ್ಳುತ್ತದೆ. ಹಾಗಾಗಿ ಕಡಿಮೆ ವೋಲ್ಟೇಜಿಗಿಂತ ಹೆಚ್ಚಿನ ವೋಲ್ಟೇಜಿನಿಂದ ಕಾಪಾಡುವುದೇ ಮುಖ್ಯ.

ಗೋಡೆಗೆ ತೀರ ಒತ್ತಿ ನೇತುಹಾಕದೆ ಗಾಳಿಯಾಡಲು ಜಾಗ ಬಿಡಬೇಕು. ಪರದೆಗೆ ನೀರು ಚಿಮುಕಿಸಿ ಒರೆಸಬಾರದು. ನೀರು ಕೆಳ ಅಂಚಿಗೆ ಇಳಿದು ಚಿಪ್ಪುಗಳನ್ನು ಕೆಡಿಸುತ್ತದೆ. ಒಣಗಿದ ಮೆತ್ತನೆಯ ಬಟ್ಟೆ ಸಾಕು.

ದುರಸ್ತಿಯ ಹಕ್ಕು ಮತ್ತು ಇ-ತ್ಯಾಜ್ಯ

ಕೈಚಳಕ ಇದ್ದರೆ ಸಾಲದು. ಬಿಡಿಭಾಗ ಸಿಗಬೇಕು, ಸರ್ಕ್ಯೂಟ್ ನಕ್ಷೆ ಸಿಗಬೇಕು. ಒಂದು ಕಾಲಕ್ಕೆ ಸೆಟ್ಟಿನ ಜೊತೆಯಲ್ಲೇ ನಕ್ಷೆ ಬರುತ್ತಿತ್ತು. ಇಂದು ಅನೇಕ ಕಂಪನಿಗಳು ಅದನ್ನು ಹೊರಗಿನವರಿಗೆ ಕೊಡುವುದಿಲ್ಲ. ಇದರ ವಿರುದ್ಧ ದುರಸ್ತಿಯ ಹಕ್ಕಿನ ಚಳವಳಿ ಹಲವು ದೇಶಗಳಲ್ಲಿ ಬೆಳೆದಿದೆ. ಯೂರೋಪ್ ಒಕ್ಕೂಟದಲ್ಲಿ 2021ರ ಮಾರ್ಚ್ 1ರಿಂದ ಜಾರಿಗೆ ಬಂದ ನಿಯಮದಂತೆ, ಒಂದು ಮಾಡೆಲಿನ ಕೊನೆಯ ಸೆಟ್ಟು ಮಾರುಕಟ್ಟೆಗೆ ಬಂದ ನಂತರ ಕನಿಷ್ಠ 7 ವರ್ಷ ಮುಖ್ಯ ಬಿಡಿಭಾಗಗಳನ್ನು ಒದಗಿಸಬೇಕು. ಫ್ರಾನ್ಸ್ ಅದೇ ವರ್ಷ ಟಿ.ವಿ.ಗಳ ಮೇಲೆ ದುರಸ್ತಿ ಸೂಚ್ಯಂಕ ನಮೂದಿಸುವುದನ್ನು ಕಡ್ಡಾಯ ಮಾಡಿತು. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಈ ಬಗ್ಗೆ ಸಮಿತಿ ರಚಿಸಿತು. ಅದೇ ವರ್ಷದ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ದುರಸ್ತಿ ಹಕ್ಕಿನ ಜಾಲತಾಣ ಆರಂಭವಾಯಿತು. ಸೇವೆಯಲ್ಲಿ ಲೋಪವಾದಾಗ ಗ್ರಾಹಕರು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರಬಹುದು. ಆಮ್‌ಸ್ಟರ್‌ಡ್ಯಾಮಿನಲ್ಲಿ 2009ರಲ್ಲಿ ಆರಂಭವಾದ ‘ರಿಪೇರಿ ಕೆಫೆ’ ಕೂಟಗಳು ಬೆಂಗಳೂರಿಗೆ 2015ರಲ್ಲಿ ಬಂದವು. ಬಲ್ಲವರ ಪಕ್ಕ ಕುಳಿತು ತಮ್ಮ ವಸ್ತುವನ್ನು ತಾವೇ ಸರಿಮಾಡಿಕೊಳ್ಳುವುದು ಅಲ್ಲಿನ ಕ್ರಮ.

ಸರಿಪಡಿಸಲಾಗದ ಸೆಟ್ಟು ವಿಷದ ಗಂಟು. ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಇದೆ, ಹಳೆಯ ಎಲ್ಸಿಡಿಗಳ ಟ್ಯೂಬ್ ಬ್ಯಾಕ್‌ಲೈಟಿನಲ್ಲಿ ಪಾದರಸ ಇದೆ. ಬಯಲಲ್ಲಿ ಒಡೆದರೆ, ತಾಮ್ರಕ್ಕಾಗಿ ವೈರು ಸುಟ್ಟರೆ ಅವು ಮಣ್ಣು, ನೀರು, ಗಾಳಿಗೆ ಸೇರುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು ಉತ್ಪಾದಕರಿಗೆ ಮರುಬಳಕೆಯ ಹೊಣೆ ಹೊರಿಸಿವೆ. ಬೆಂಗಳೂರಿಗೆ ಸಮೀಪದ ದಾಬಸ್‌ಪೇಟೆಯಲ್ಲಿರುವ ಇ-ಪರಿಸರ ಘಟಕ ಇಂಥ ತ್ಯಾಜ್ಯವನ್ನು ಅಧಿಕೃತವಾಗಿ ಸಂಸ್ಕರಿಸುವ ದೇಶದ ಮೊದಲಿನ ಘಟಕಗಳಲ್ಲಿ ಒಂದು.

ದುರಸ್ತಿಯೋ ಹೊಸದೋ

ನಿರ್ಧಾರಕ್ಕೆ ಮುಖ್ಯ ಆಧಾರ ಪ್ಯಾನಲಿನ ಸ್ಥಿತಿ. ಪ್ಯಾನಲ್ ಒಡೆದಿಲ್ಲ, ಗೆರೆಗಳಿಲ್ಲ ಎಂದಾದರೆ ಉಳಿದ ಹೆಚ್ಚಿನ ದೋಷಗಳಿಗೆ ಹೊಸ ಸೆಟ್ಟಿನ ಬೆಲೆಯ ಸಣ್ಣ ಪಾಲಿನಲ್ಲಿ ಪರಿಹಾರವಿದೆ. ಮೆಕ್ಯಾನಿಕ್ಕಿಗೆ ಲಕ್ಷಣಗಳನ್ನು ಸ್ಪಷ್ಟವಾಗಿ ಹೇಳಬೇಕು: ದೀಪ ಉರಿಯುತ್ತದೆಯೇ, ಸದ್ದಿದೆಯೇ, ಟಾರ್ಚಿನಲ್ಲಿ ಚಿತ್ರ ಕಂಡಿತೇ, ಸಿಡಿಲು ಬಂದಿತ್ತೇ. ಯಾವ ಭಾಗ ಬದಲಿಸಿದರೆಂದು ಬಿಲ್ಲಿನಲ್ಲಿ ಬರೆಸಿಕೊಂಡು, ಹಳೆಯ ಭಾಗವನ್ನು ಕೇಳಿ ಪಡೆದು, ಕೆಲಸಕ್ಕೆ ಕೆಲವು ತಿಂಗಳ ಗ್ಯಾರಂಟಿ ಮಾತಾಡಿಕೊಳ್ಳಬೇಕು. ಚೆನ್ನಾಗಿರುವ ಪ್ಯಾನಲ್ ಇರುವ ಸೆಟ್ಟನ್ನು ಒಬ್ಬ ಬಲ್ಲ ಮೆಕ್ಯಾನಿಕ್ಕಿಗೆ ತೋರಿಸದೆ ಗುಜರಿಗೆ ಹಾಕಬಾರದು.